ಹುರುಳಿ ಹುರಿದಂಥ ಸದ್ದು

ಮುಳಬಾಗಿಲು
18 ನವೆಂಬರ್ 2024

ಚಿ. ವಿಭಾಗೆ ಅಣ್ಣನ ಆಶೀರ್ವಾದ.

ನೀನು ಹೇಗಿದ್ದೀಯ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ನಿನ್ನ ಕಂಪನಿಯ ಒಡೆಯ ಭಾರ್ಗವನೇ ಮೊನ್ನೆ ನಮ್ಮ ಹಜಾರದಲ್ಲಿ ಕೂತು, ಎರಡು ಲೋಟ ಕಾಫಿ ಕುಡಿದು, ನಿನ್ನ ಸಮಾಚಾರವನ್ನೆಲ್ಲ ಹೇಳಿ ಹೋದ. ನೀನು ಮಧ್ಯಾಹ್ನ ಸರಿಯಾಗಿ ಊಟ ಮಾಡುವುದಿಲ್ಲವಂತೆ. ಎಲ್ಲದಕ್ಕೂ ಕೊಕ್ಕೆ ಹಾಕುತ್ತೀಯಂತೆ. ಎರಡನೆಯದು ನಮಗೆ ಹೊಸ ಸುದ್ದಿಯಲ್ಲ.

ಭಾರ್ಗವ ಅಮ್ಮನ ತಮ್ಮನ ಮಗನಾದರೂ ನಮ್ಮ ಮನೆಯಲ್ಲೇ ಉಂಡು ಬೆಳೆದ ಹುಡುಗ. ಈಗ ಜನರನ್ನು ಸಮುದ್ರದ ತಳಕ್ಕೆ ಕರೆದೊಯ್ಯುವ ಸಬ್‌ಮರೀನ್ ಕಟ್ಟಿಸಿದ್ದಾನೆ ಎಂದರೆ ಅಮ್ಮನಿಗೆ ಎದೆಯುಬ್ಬುವುದು ಸಹಜ. ತಳದಲ್ಲಿ ಒಂದು ಗಣಪತಿಯನ್ನು ಕೂರಿಸುತ್ತಾನಂತೆ. ಯಾತ್ರಿಕರು ಕಿಟಕಿಯಿಂದಲೇ ದರ್ಶನ ಮಾಡಿ ಮೇಲೆ ಬರುವುದು. ವಿಗ್ರಹವನ್ನು ಶಿವಾರಪಟ್ಟಣದಲ್ಲಿ ಕೆತ್ತಿಸು, ಕುರುಡುಮಲೆ ಗಣಪತಿಯ ಮುಂದಿಟ್ಟು ಪೂಜೆ ಮಾಡಿಸು, ಆಮೇಲೆ ಸಮುದ್ರಕ್ಕೆ ಒಯ್ಯಿ ಎಂದು ಹೇಳಿದವನು ನಾನೇ.

ಒಂದು ವಿಷಯ ನಿನಗೆ ಹೇಳಲೇಬೇಕು. ಮೊದಲು ಕೆತ್ತಿದ ವಿಗ್ರಹ ನೋಡಲು ಹೋಗಿದ್ದೆವು. ಬಹಳ ಲಕ್ಷಣವಾಗಿತ್ತು. ಆದರೆ ಶಿಲ್ಪಿ ಬೆನ್ನಿನ ಹತ್ತಿರ ತಟ್ಟಿದಾಗ ಸದ್ದು ಮಂಕಾಗಿ ಬಂತು. ನೀರು ಸವರಿ ನೋಡಿದರೆ ಕೂದಲೆಳೆಯಷ್ಟು ಬಿರುಕು. "ಹಿಂದ್ಗಡೆ ತಾನೇ ಮುಕುಂದಣ್ಣ, ಯಾರ್ಗೂ ಕಾಣಲ್ವಲ್ಲ" ಎಂದ ಭಾರ್ಗವ. "ಭಿನ್ನ ಆಗಿರೋದನ್ನ ಪೂಜೆಗೆ ಇಡೋಕಾಗಲ್ಲ ಕಣೋ. ಕಂಡ್ರೂ ಅಷ್ಟೇ, ಕಾಣ್ದೇ ಇದ್ರೂ ಅಷ್ಟೇ" ಎಂದೆ. ಮರುಮಾತಾಡದೆ ಬೇರೆ ಕಲ್ಲು ತರಿಸಿದ. ತಡವಾದರೂ ಸಹಿಸಿಕೊಂಡ. ಇಂಥ ವಿನಯ ಈಗಿನ ಹುಡುಗರಲ್ಲಿ ಎಲ್ಲಿದೆ?

ರಥಸಪ್ತಮಿಗೆ ಮುಹೂರ್ತ ಇಟ್ಟುಕೊಟ್ಟಿದ್ದೇನೆ. ಮೊದಲ ಸಲ ಇಳಿಯುವವರು ನಾನು ಮತ್ತು ಅಮ್ಮ. ಸಮುದ್ರದ ಒಳಗೆ ಹೋಗುವುದೆಂದರೆ ಭಯವಾಗುವುದಿಲ್ಲವೇ ಎಂದು ಅಮ್ಮನನ್ನು ಕೇಳಿದೆ. "ವಿಭಾ ಕೆಲ್ಸ ಮಾಡೋ ಕಡೆ ನಂಗೇನ್ ಭಯ ಕಣೋ" ಎಂದಳು. ಈಗಿನಿಂದಲೇ ಯಾವ ಸೀರೆ ಎಂದು ಯೋಚಿಸುತ್ತಿದ್ದಾಳೆ.

ನಿನ್ನ ಅಣ್ಣ
ಮುಕುಂದ


ರೇವುಪಾಲೆಂ
5 ಡಿಸೆಂಬರ್ 2024

ಅಣ್ಣಾ,

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ನೀನು ಸ್ಪೀಕರ್ ಹಾಕಿಯೇ ಮಾತಾಡುವವನು, ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಇದು ಅವಳ ಕಿವಿಗೆ ಬೀಳಬಾರದು. ಮೊದಲೇ ಬಿ.ಪಿ. ಇರುವವಳು, ಹೆದರಿ ಹಾಸಿಗೆ ಹಿಡಿದರೆ ಕಷ್ಟ. ಒಬ್ಬನೇ ಕೂತು ಓದು.

ನಾನು ಇಲ್ಲಿ ಮಾಡುವ ಕೆಲಸ ಏನೆಂದು ನೀನು ಒಂದು ದಿನವೂ ಕೇಳಿಲ್ಲ. ಆ ಸಬ್‌ಮರೀನಿನ ಗೋಡೆಯನ್ನು ಯಂತ್ರದಿಂದ ತಟ್ಟಿ, ಒಳಗಿನಿಂದ ಮರಳುವ ಸದ್ದನ್ನು ನೋಡಿ, ಗಟ್ಟಿಯಿದೆಯೋ ಇಲ್ಲವೋ ಹೇಳುವುದು. ನಿನ್ನ ಶಿವಾರಪಟ್ಟಣದ ಶಿಲ್ಪಿ ಮಾಡಿದ್ದೇ ಕೆಲಸ.

ಸಬ್‌ಮರೀನ್ ಎಂದರೆ ನೌಕಾಪಡೆಯ ದೊಡ್ಡ ಉಕ್ಕಿನ ಹಡಗನ್ನು ನೆನೆಸಿಕೊಳ್ಳಬೇಡ. ಇದು ನಾಲ್ಕೈದು ಜನ ಕಾಲು ಮಡಿಸಿ ಕೂರುವ ಒಂದು ಕೊಳವೆ. ಕಾರ್ಬನ್ ನಾರನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಸುತ್ತಿ ಮಾಡಿದ್ದು, ಎರಡು ತುದಿಗೂ ಲೋಹದ ಮುಚ್ಚಳ ಅಂಟಿಸಿದ್ದು. ಒಂದು ಕಡೆ ಆ ಪದರಗಳು ಒಂದನ್ನೊಂದು ಬಿಟ್ಟುಕೊಂಡಿವೆ. ನಾನು ತಟ್ಟಿ ನೋಡಿದ್ದೇನೆ. ಮತ್ತೆ ಮತ್ತೆ ನೋಡಿದ್ದೇನೆ. ಇಳಿಯುವುದು ಒಂದು ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ. ಅಲ್ಲಿ ನೀರು ಸುತ್ತಲಿನಿಂದಲೂ ಅದುಮುತ್ತದೆ. ಗೋಡೆ ಸೋತರೆ ಒಳಗಿದ್ದವರಿಗೆ ಅಯ್ಯೋ ಎನ್ನುವಷ್ಟೂ ಸಮಯವಿರುವುದಿಲ್ಲ. ಬಾಗಿಲನ್ನು ಹೊರಗಿನಿಂದ ಬೋಲ್ಟ್ ಬಿಗಿದು ಮುಚ್ಚುತ್ತಾರೆ, ಒಳಗಿನಿಂದ ತೆರೆಯುವ ಮಾತೇ ಇಲ್ಲ.

ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸು ಎಂದೆ. "ಹೊಸದನ್ನ ಕಂಡ್ರೆ ಅವರಿಗೆಲ್ಲ ಹೊಟ್ಟೆಯುರಿ" ಎಂದ ಭಾರ್ಗವ. ಹೋಗಲಿ, ಜನರಿಲ್ಲದೆ ಖಾಲಿ ಕೊಳವೆಯನ್ನಾದರೂ ಕೆಲವು ಸಲ ತಳಕ್ಕೆ ಇಳಿಸಿ ನೋಡೋಣ ಎಂದೆ. ಅದಕ್ಕೆ ಏನೆಂದ ಗೊತ್ತೇ? "ಟೈಮೆಲ್ಲಿದೆ ವಿಭಾ, ಮುಕುಂದಣ್ಣ ಮುಹೂರ್ತ ಇಟ್ಟಾಯ್ತಲ್ಲ." ಆ ಕೊಳವೆಯನ್ನು ನಡೆಸುವವನು ನಮ್ಮ ಕ್ಯಾಲನೂರಿನ ಹುಡುಗ ಕದಿರೇಶ. ಅವನೂ ಪಕ್ಕದಲ್ಲೇ ನಿಂತಿದ್ದ. ನನ್ನ ಮುಖ ನೋಡಿದ.

ಕಲ್ಲಿನ ಗಣಪತಿಯ ಬೆನ್ನಿನ ಬಿರುಕಿಗೆ ನೀನು ಕೆಲಸ ನಿಲ್ಲಿಸಿದೆ, ಭಾರ್ಗವ ಒಪ್ಪಿಕೊಂಡ. ಅವನು ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾನೆ. ದಿನ ಸರಿಯಿಲ್ಲ ಎಂದುಬಿಡು. ಬೇಸಿಗೆ ಕಳೆಯಲಿ ಎನ್ನು. ಅಷ್ಟರಲ್ಲಿ ನಾನು ಹೇಗಾದರೂ ಪರೀಕ್ಷೆ ಮಾಡಿಸುತ್ತೇನೆ. ಈ ಕಾಗದ ನಿನ್ನಲ್ಲೇ ಇರಲಿ, ಅವನಿಗೆ ತೋರಿಸಬೇಡ.

ವಿಭಾ


ಮುಳಬಾಗಿಲು
27 ಡಿಸೆಂಬರ್ 2024

ಚಿ. ವಿಭಾಗೆ,

ನಿನ್ನ ಕಾಗದ ಓದಿ ಎರಡು ದಿನ ನಿದ್ದೆ ಬರಲಿಲ್ಲ. ಅಮ್ಮನಿಗೆ ಹೇಳಿಲ್ಲ, ಅಷ್ಟು ತಿಳಿವಳಿಕೆ ನನಗಿದೆ. ಮೂರನೆಯ ದಿನ ಭಾರ್ಗವನೇ ಮನೆಗೆ ಬಂದ. ನಮ್ಮವರ ನಡುವೆ ಮುಚ್ಚುಮರೆ ಏತಕ್ಕೆ ಎಂದು ಕಾಗದವನ್ನೇ ಅವನ ಕೈಗೆ ಕೊಟ್ಟೆ. ನೀನು ಬೇಡ ಎಂದಿದ್ದೆ, ನೆನಪಿದೆ. ಆದರೆ ಒಬ್ಬ ಮನುಷ್ಯನ ಮೇಲೆ ಇಷ್ಟು ದೊಡ್ಡ ಆಪಾದನೆ ಬಂದಾಗ ಅವನನ್ನೂ ಕೇಳಬೇಕಲ್ಲವೇ?

ಅವನು ಸಿಟ್ಟಾಗಲಿಲ್ಲ. ಪೂರ್ತಿ ಓದಿ ಮಡಿಸಿಟ್ಟು, ಆ ಪದರಗಳು ಹಾಗಿರುವುದೇ ಆ ವಸ್ತುವಿನ ಗುಣ, ಮೇಲ್ಮಟ್ಟದ ಎಂಜಿನಿಯರುಗಳು ನೋಡಿ ಒಪ್ಪಿದ್ದಾರೆ ಎಂದು ವಿವರಿಸಿದ. ಕೊನೆಗೆ ನಗುತ್ತ, "ನಮ್ಮಿಬ್ಬರ ಮದ್ವೆ ಮಾತು ಮುರಿದಿದ್ದರ ಕೋಪ ವಿಭಾಗೆ ಇನ್ನೂ ಹೋಗಿಲ್ಲ ಅನ್ಸತ್ತೆ" ಎಂದ. ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಬಾಯಿ ಬರಲಿಲ್ಲ.

ಮುಹೂರ್ತವನ್ನು ಸುಮ್ಮನೆ ಬದಲಿಸಲು ಬರುವುದಿಲ್ಲ ಕಣೇ. ಇಲ್ಲದ ದೋಷವನ್ನು ಇದೆ ಎಂದು ಹೇಳುವುದು ನಮ್ಮ ವೃತ್ತಿಗೆ ಸಲ್ಲದು. ಆಮಂತ್ರಣ ಅಚ್ಚಾಗಿದೆ. ನೀನು ಸಮಾಧಾನವಾಗಿ ಇರು.

ಮುಕುಂದ


ಮಾಲೂರು
11 ಜನವರಿ 2025

ಅಣ್ಣಾ,

ವಿಳಾಸ ನೋಡಿದರೆ ಗೊತ್ತಾಗುತ್ತದೆ. ಕೆಲಸದಿಂದ ತೆಗೆದರು. ಭಾರ್ಗವನ ಮೇಜಿನ ಮೇಲೆ ನನ್ನ ಕೈಬರಹ ನನ್ನನ್ನೇ ನೋಡುತ್ತಿತ್ತು. ಮೇಲಿನ ಮೂಲೆಯಲ್ಲಿ ಕುಂಕುಮದ ಬೆರಳ ಗುರುತು. ನಿನ್ನ ಬೆರಳಿನದು. "ಆಫೀಸಿನ ವಿಷ್ಯ ಹೊರಗೆ ಹೇಳಿದೀಯ, ಇನ್ನ್ ನಿನ್ನ ಇಟ್ಕೊಳೋಕಾಗಲ್ಲ" ಎಂದ. ಇದೆಲ್ಲ ಹೊರಗಿನವರಿಗೆ ಹೇಳಿದ್ದಲ್ಲ, ನನ್ನ ಒಡಹುಟ್ಟಿದವನಿಗೆ ಹೇಳಿದ್ದು ಎಂದೆ. ಹೇಳುವಾಗ ನನಗೇ ನಗು ಬಂತು.

ಮದುವೆಯ ಮಾತು. ಅದು ಮುರಿದಾಗ ಬೇಡವೆಂದವಳು ನಾನು, ಅವನಲ್ಲ. ನಿನಗೆ ಗೊತ್ತು. ಗೊತ್ತಿದ್ದೂ ಬಾಯಿ ಬರಲಿಲ್ಲ ಎಂದು ಬರೆದಿದ್ದೀಯ. ಯಾರದೋ ಮನೆಯ ಗೃಹಪ್ರವೇಶದಲ್ಲಿ ತಾಸುಗಟ್ಟಲೆ ಮಾತಾಡುವ ಬಾಯಿ ತಂಗಿಯ ಸರದಿ ಬಂದಾಗ ಎಲ್ಲಿ ಹೋಯಿತು?

ಗೇಟಿನವರೆಗೆ ಕದಿರೇಶ ಬಂದಿದ್ದ. ನನ್ನ ಚೀಲ ಎತ್ತಿಕೊಂಡಿದ್ದ. "ಅಕ್ಕಾ, ನೀವು ಸರಿಯಾಗೈತೆ ಅಂದ್ರೆ ಇಳೀತಿದ್ದೆ, ಬ್ಯಾಡ ಅಂದ್ರೆ ನಿಲ್ಲಿಸ್ತಿದ್ದೆ. ಇನ್ ಮ್ಯಾಲೆ ಯಾರನ್ನ ಕೇಳ್ಲಿ?" ಎಂದ. ಉತ್ತರ ನಿನ್ನಲ್ಲಿದ್ದರೆ ಬರೆದು ಕಳಿಸು.

ಸರ್ಕಾರಕ್ಕೂ ಬರೆದೆ. ಇಳಿಯುವ ಜಾಗ ದೇಶದ ಗಡಿಯಿಂದ ಆಚೆಯ ನೀರು, ದೋಣಿ ಪ್ರಯೋಗದ ಹೆಸರಿನಲ್ಲಿ ದಾಖಲಾಗಿದೆ, ಹತ್ತುವವರು ಪ್ರಾಣಕ್ಕೆ ತಾವೇ ಹೊಣೆ ಎಂದು ಸಹಿ ಹಾಕುತ್ತಾರೆ, ಆದ್ದರಿಂದ ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಎಷ್ಟು ಜಾಣತನದಿಂದ ಜಾಗ ಹುಡುಕಿದ್ದಾನೆ ನೋಡು, ಯಾರ ಕೈಗೂ ಸಿಗದ ಜಾಗ.

ಇಲ್ಲಿ ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಪರೀಕ್ಷೆಯ ಕೆಲಸ ಸಿಕ್ಕಿದೆ. ಮನೆಗೆ ಬರುವುದಿಲ್ಲ. ಒಂದೇ ಒಂದು ಕೇಳುತ್ತೇನೆ. ಅಮ್ಮನನ್ನು ಹತ್ತಿಸಬೇಡ. ಏನಾದರೂ ನೆಪ ಹೇಳು. ನಾನು ಹೇಳಿದರೆ ಅವಳಿಗೂ ಆ ಹಳೆಯ ಕೋಪದ ಕಥೆಯನ್ನೇ ಒಪ್ಪಿಸಿಬಿಡುತ್ತೀರಿ. ಮನೆಯಲ್ಲಿ ದೊಡ್ಡವನು ನೀನು, ನೀನು ಹೇಳಿದರೆ ನಡೆಯುತ್ತದೆ.

ವಿಭಾ


ಮುಳಬಾಗಿಲು
12 ಫೆಬ್ರವರಿ 2025

ನನ್ನ ಮುದ್ದು ವಿಭಾಗೆ,

ಫೋನಿನಲ್ಲಿ ನೀನು ಹ್ಞೂಂ, ಉಹ್ಞೂಂ ಬಿಟ್ಟು ಬೇರೆ ಮಾತಾಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿ ಕೆಲಸದ ಮೇಲೆ ಮಾಲೂರಿನಲ್ಲಿ ಇದ್ದೀಯ ಎಂದು ಮುಕುಂದ ವಿಳಾಸ ಕೊಟ್ಟ. ಇಷ್ಟು ಹತ್ತಿರ ಬಂದು ಮನೆ ಕಡೆ ತಲೆ ಹಾಕಲಿಲ್ಲವಲ್ಲ, ಅಷ್ಟೊಂದು ಕೆಲಸವೇನೇ?

ಸಮುದ್ರದ ಅಡಿಗೆ ಹೋಗಿ ಬಂದೆ ಕಣೇ! ಆ ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದೆ. ಒಳಗೆ ಚಳಿಯೋ ಚಳಿ, ಮೇಲೆ ಸ್ವೆಟರ್ ಹಾಕಿಕೊಂಡು ಸೀರೆ ಯಾರಿಗೂ ಕಾಣಲಿಲ್ಲ. ಕೂರುವುದಕ್ಕೆ ಕುರ್ಚಿಯಿಲ್ಲ, ಚಾಪೆ ಹಾಸಿದ್ದರು. ನಾನು, ಮುಕುಂದ, ನಡೆಸುವ ಹುಡುಗ ಕದಿರೇಶ, ಅಷ್ಟೇ. ಭಾರ್ಗವ ಬರುತ್ತೇನೆ ಎಂದಿದ್ದವನು ಕೊನೇ ಗಳಿಗೆಯಲ್ಲಿ ಕಿವಿನೋವು ಎಂದು ಹಡಗಿನಲ್ಲೇ ಉಳಿದ. ಪಾಪ, ಅವನದೇ ಸಬ್‌ಮರೀನು, ಅವನಿಗೇ ಭಾಗ್ಯವಿಲ್ಲ.

ಮೊದಲು ನೀಲಿ, ಆಮೇಲೆ ಕಾಡಿಗೆಯ ಹಾಗೆ ಕಪ್ಪು. ತಳದಲ್ಲಿ ದೀಪ ಬಿಟ್ಟರು ನೋಡು, ನಮ್ಮ ಗಣಪತಿ ಮರಳಿನ ಮೇಲೆ ಕೂತಿದ್ದಾನೆ! ಸೊಂಡಿಲಿನ ಹತ್ತಿರ ಒಂದು ಬಿಳಿ ಮೀನು. ಕಣ್ಣಲ್ಲಿ ನೀರು ಬಂತು. ಕರ್ಪೂರ ಹಚ್ಚುವ ಹಾಗಿಲ್ಲವಂತೆ, ಬ್ಯಾಟರಿ ದೀಪದಲ್ಲೇ ಮಂಗಳಾರತಿ ಮಾಡಿದ ನಿನ್ನ ಅಣ್ಣ.

ಇಳಿಯುವಾಗ ಒಂದೇ ಒಂದು ಸಲ ಸ್ವಲ್ಪ ಗಾಬರಿಯಾಗಿತ್ತು. ಗೋಡೆಯೊಳಗಿನಿಂದ ಚಟ್ ಚಟ್ ಎಂದು ಸದ್ದು, ಬಾಣಲೆಯಲ್ಲಿ ಹುರುಳಿ ಹುರಿದಂಗೆ. ಆ ಹುಡುಗ ಪ್ರತಿ ಸದ್ದಿಗೂ ತಲೆಯೆತ್ತಿ ನೋಡುತ್ತಿದ್ದ. ಮುಕುಂದ ಮಂತ್ರವನ್ನು ಜೋರಾಗಿ ಹೇಳತೊಡಗಿದ, ಆಮೇಲೆ ಅಷ್ಟಾಗಿ ಕೇಳಿಸಲಿಲ್ಲ. ಮೇಲೆ ಬಂದು ಭಾರ್ಗವನಿಗೆ ಹೇಳಿದರೆ "ಹೊಸ ಮಂಚ ಕಿರುಗುಟ್ಟಲ್ವಾ ಅತ್ತೆ, ಹಂಗೇ ಇದು" ಎಂದು ನಕ್ಕ. ನೀನು ನೋಡಿರುವ ವಸ್ತು ಎಂದು ನಾನೂ ಸುಮ್ಮನಾದೆ.

ತಾಯಲೂರಿನ ದೊಡ್ಡನಾರಾಯಣಪ್ಪ ಗೊತ್ತಲ್ಲ, ಮುಕುಂದನೇ ಅವರ ಅರವತ್ತರ ಶಾಂತಿ ಮಾಡಿಸಿದ್ದು. ಅವರೂ ದೊಡ್ಡವೆಂಕಟಮ್ಮನೂ ಯುಗಾದಿ ಕಳೆದ ಮೇಲೆ ಹೋಗುತ್ತಾರೆ. ಶ್ರೀನಿವಾಸಪುರಕ್ಕೆ ಕೊಟ್ಟಿರುವ ಮಗಳು ಶ್ರುತಿ ಕಳಿಸುತ್ತಿದ್ದಾಳೆ. ದೊಡ್ಡವೆಂಕಟಮ್ಮ ನನ್ನ ಕೈ ಹಿಡಿದುಕೊಂಡು, ಭಯ ಇಲ್ಲ ತಾನೇ ಎಂದು ಕೇಳಿದರು. "ಏನೂ ಭಯ ಇಲ್ಲ, ನನ್ ಮಗಳೇ ನೋಡಿರೋದು, ಹೋಗ್ ಬನ್ನಿ" ಎಂದೆ.

ಹುರಿಗಾಳು ಮಾಡಿಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗು.

ನಿನ್ನ ಅಮ್ಮ


ಮಾಲೂರು
20 ಫೆಬ್ರವರಿ 2025

ಅಣ್ಣಾ,

ಅಮ್ಮನ ಕಾಗದ ಬಂತು. ಅವಳನ್ನು ಹತ್ತಿಸಿದೆ. ನೀನೂ ಹತ್ತಿದೆ. ಜೋರಾಗಿ ಮಂತ್ರ ಹೇಳಿದೆ. ನೀನು ಮಂತ್ರ ಹೇಳುವಾಗ ದನಿ ಏರಿಸುವುದು ಯಾವಾಗ ಎಂದು ನನಗೆ ಚೆನ್ನಾಗಿ ಗೊತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಕೇಳಿದ್ದೇನೆ.

ಆ ಸದ್ದು ಮಂಚದ ಕಿರುಗುಟ್ಟುವಿಕೆಯಲ್ಲ. ಗೋಡೆಯ ನಾರು ಹರಿಯುವ ಸದ್ದು. ಹರಿದ ನಾರು ಮೇಲೆ ಬಂದ ಮೇಲೆ ಕೂಡಿಕೊಳ್ಳುವುದಿಲ್ಲ. ಮುಂದಿನ ಸಲ ಇಳಿಯುವುದು ಇನ್ನಷ್ಟು ಸೋತ ಗೋಡೆ. ಒಂದು ಸಲ ಹೋಗಿ ಬಂದದ್ದಕ್ಕೆ ಅದು ಗಟ್ಟಿಯಿದೆ ಎಂದರ್ಥವಲ್ಲ, ನೀವಿಬ್ಬರೂ ಬದುಕಿ ಬಂದಿರಿ ಎಂದಷ್ಟೇ ಅರ್ಥ.

ನಿನ್ನನ್ನು ನಂಬಿ ಕೂರಲು ಆಗಲಿಲ್ಲ. ನಿನ್ನೆ ನಾನೇ ತಾಯಲೂರಿಗೆ ಹೋಗಿದ್ದೆ. ಮೊದಲೇ ನಿನಗೂ ಬರೆದಿದ್ದೇನೆ ಎಂದು ಕೂಡ ಹೇಳಿದೆ. ಶ್ರುತಿಯೂ ಅಲ್ಲೇ ಇದ್ದಳು. ದೊಡ್ಡನಾರಾಯಣಪ್ಪ ಎಲ್ಲ ಕೇಳಿಸಿಕೊಂಡು, "ಮೀ ಅಮ್ಮನೇ ಪೋಯಿ ವಚ್ಚಿಂದಿ ಕದಮ್ಮಾ!" ಎಂದು ನಕ್ಕುಬಿಟ್ಟರು. ನಮ್ಮಮ್ಮನೇ ಹೋಗಿ ಬಂದ ಮೇಲೆ ನಾನು ಹೇಳುವುದಕ್ಕೆ ಏನು ಬೆಲೆ? ದೊಡ್ಡವೆಂಕಟಮ್ಮ ಮಜ್ಜಿಗೆ ಕೊಟ್ಟು, ನೀನು ಮದುವೆ ಯಾವಾಗ ಆಗುತ್ತೀ ಎಂದು ಕೇಳಿದರು.

ವಾಪಸು ಬರುವಾಗ ಮುಳಬಾಗಿಲಿನಲ್ಲಿ ಬಸ್ ಬದಲಾಯಿಸಿದೆ. ಮನೆಗೆ ಬರಲಿಲ್ಲ. ಅಮ್ಮನ ಮುಖ ನೋಡಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ. ಈಗ ಅವಳು ಸಂತೋಷವಾಗಿದ್ದಾಳೆ, ನಾನೇಕೆ ಕೆಡಿಸಲಿ ಎಂದು ಬಂದುಬಿಟ್ಟೆ.

ಅವರಿಬ್ಬರೂ ನಿನ್ನ ಮಾತನ್ನು ಮೀರುವವರಲ್ಲ. ನಿಲ್ಲಿಸು. ಕಾಲಿಗೆ ಬೀಳುತ್ತೇನೆ.

ವಿಭಾ


ಮುಳಬಾಗಿಲು
30 ಮಾರ್ಚ್ 2025, ಯುಗಾದಿ

ಚಿ. ವಿಭಾಗೆ,

ಹಬ್ಬದ ಆಶೀರ್ವಾದ. ಅಮ್ಮ ನಿನಗಾಗಿ ಒಂದು ಬಟ್ಟಲು ಬೇವುಬೆಲ್ಲ ತೆಗೆದಿಟ್ಟಿದ್ದಳು, ಸಂಜೆ ಇರುವೆ ಮುತ್ತಿತು.

ನೀನು ತಾಯಲೂರಿಗೆ ಹೋಗಿ ದೊಡ್ಡವರನ್ನು ಹೆದರಿಸಿದ್ದು ನನಗೆ ಸರಿ ಕಾಣಲಿಲ್ಲ. ಅವರು ಮಾರನೆಯ ದಿನವೇ ನನ್ನ ಹತ್ತಿರ ಬಂದಿದ್ದರು. ಧೈರ್ಯ ಹೇಳಿ ಕಳಿಸಿದೆ. ಸದ್ದು ನನಗೂ ಕೇಳಿಸಿತ್ತು, ಇಲ್ಲವೆನ್ನುವುದಿಲ್ಲ. ಆದರೆ ದೇವರು ನಮ್ಮನ್ನು ಕ್ಷೇಮವಾಗಿ ಮೇಲೆ ತಂದ. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? ಅವರು ಮುಂದಿನ ತಿಂಗಳು ಹದಿನಾಲ್ಕಕ್ಕೆ ಇಳಿಯುತ್ತಾರೆ. ಅದಕ್ಕೂ ಒಳ್ಳೆಯ ಗಳಿಗೆಯನ್ನೇ ನೋಡಿ ಕೊಟ್ಟಿದ್ದೇನೆ.

ಇನ್ನು ಈ ವಿಷಯ ಬರೆಯಬೇಡ.

ಮುಕುಂದ


ಮಾಲೂರು
25 ಏಪ್ರಿಲ್ 2025

ಮುಕುಂದ,

ಅಣ್ಣಾ ಎಂದು ಬರೆಯಲು ಕೈ ಬರುತ್ತಿಲ್ಲ.

ಟಿ.ವಿ.ಯಲ್ಲಿ ನೋಡಿದ್ದೀಯ. ಇಳಿಯುತ್ತಿರುವಾಗಲೇ ಮೇಲಿನ ಹಡಗಿಗೆ ಸುದ್ದಿ ಬರುವುದು ನಿಂತಿತಂತೆ. ದಿನಗಟ್ಟಲೆ ಹುಡುಕಿ, ಕೊನೆಗೆ ಕ್ಯಾಮೆರಾ ಬಿಟ್ಟು ನೋಡಿದರೆ ಮರಳಿನ ಮೇಲೆ ಚೂರುಗಳು. ದೊಡ್ಡನಾರಾಯಣಪ್ಪ, ದೊಡ್ಡವೆಂಕಟಮ್ಮ, ಕದಿರೇಶ. ಸುಡುವುದಕ್ಕೂ ಹೂಳುವುದಕ್ಕೂ ಏನೂ ಸಿಗಲಿಲ್ಲ. ಗಣಪತಿ ಮಾತ್ರ ಇದ್ದಲ್ಲೇ ಇದ್ದಾನಂತೆ, ಮೈಯಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲದೆ. ನಿನ್ನ ಆಯ್ಕೆ ಚೆನ್ನಾಗಿತ್ತು.

ಭಾರ್ಗವ ಆ ದಿನವೂ ಹತ್ತಿರಲಿಲ್ಲ. ಮೊನ್ನೆ ಮೈಕಿನ ಮುಂದೆ ಕಣ್ಣೊರೆಸಿಕೊಂಡು, "ಯಾರೂ ನಮ್ಗೆ ಎಚ್ಚರಿಕೆ ಕೊಟ್ಟಿರ್ಲಿಲ್ಲ, ಗೊತ್ತಿದ್ರೆ ಸ್ವಂತ ಅತ್ತೇನ ಕೂರಿಸ್ತಿದ್ನಾ" ಎಂದ. ನಮ್ಮಮ್ಮ ಅವನಿಗೆ ಸಾಕ್ಷಿ. ಮೊದಲು ಜಾಹೀರಾತಾಗಿದ್ದಳು, ಈಗ ಸಾಕ್ಷಿ.

ನಾನು ಎಚ್ಚರಿಸಿದ್ದೆ ಎಂದರೆ ಕೆಲಸ ಹೋದ ಹೊಟ್ಟೆಯುರಿ ಎನ್ನುತ್ತಾರೆ. ಮುರಿದ ಮದುವೆಯ ಕಥೆ ಹೇಗೂ ಸಿದ್ಧವಿದೆ. ಅವನ ಕೈಗೆ ನೀನೇ ನನ್ನ ಕಾಗದ ಕೊಟ್ಟೆ. ಸದ್ದನ್ನು ನೀನೇ ಕೇಳಿದೆ. ತನಿಖೆಯವರು ಕೋಲಾರಕ್ಕೆ ಬರುತ್ತಾರಂತೆ. ಹೋಗಿ ಅಷ್ಟನ್ನು ಹೇಳು. ನನಗಾಗಿ ಬೇಡ. ಕ್ಯಾಲನೂರಿನಲ್ಲಿ ಕದಿರೇಶನ ತಾಯಿ ಇದ್ದಾಳೆ, ಮಗ ಏನೋ ತಪ್ಪಾಗಿ ನಡೆಸಿದ ಎಂದು ಅವಳಿಗೆ ಹೇಳಿದ್ದಾರಂತೆ. ಅವಳಿಗಾಗಿ ಹೇಳು.

ವಿಭಾ


ಮುಳಬಾಗಿಲು
20 ಮೇ 2025

ವಿಭಾಗೆ,

ಕೋಲಾರಕ್ಕೆ ಹೋಗಿ ಬಂದೆ. ಮೊದಲೇ ಯಾರಾದರೂ ಅಪಾಯವಿದೆ ಎಂದು ಹೇಳಿದ್ದರೇ ಎಂದು ಕೇಳಿದರು. ನನಗೆ ಯಂತ್ರದ ವಿಷಯ ತಿಳಿಯದು, ಯಾರೂ ಹೇಳಿರಲಿಲ್ಲ ಎಂದೆ. ಸದ್ದು ಕೇಳಿಸಿತೇ ಎಂದರು. ಪೂಜೆಯಲ್ಲಿ ಮಗ್ನನಾಗಿದ್ದೆ ಎಂದೆ.

ಬಯ್ಯಿ. ನೀನು ಏನು ಬಯ್ದರೂ ಅದನ್ನು ನಾನು ಮೊದಲೇ ಬಯ್ದುಕೊಂಡಿದ್ದೇನೆ. ಹೌದು ಎಂದಿದ್ದರೆ ಈ ಊರಿನಲ್ಲಿ ಇನ್ನು ಯಾರು ನನ್ನ ಕೈಯಿಂದ ಅಕ್ಷತೆ ಹಾಕಿಸಿಕೊಳ್ಳುತ್ತಾರೆ? ಈಗಲೇ ನಿಶ್ಚಯವಾಗಿದ್ದ ಎರಡು ಮದುವೆಗಳಿಗೆ ಬೇರೆಯವರನ್ನು ಕರೆದುಕೊಂಡರು. ನಾನು ಬಾಯಿಬಿಟ್ಟರೆ ಹೋದವರು ತಿರುಗಿ ಬರುತ್ತಾರೆಯೇ? ಭಾರ್ಗವ ಫೋನ್ ಮಾಡಿ, ಮನೆಯ ಮರ್ಯಾದೆ ನಿಮ್ಮ ಕೈಯಲ್ಲಿದೆ ಎಂದ. ಆಮೇಲೆ ಅವನು ನನ್ನ ಫೋನನ್ನೇ ಎತ್ತುತ್ತಿಲ್ಲ.

ಅಮ್ಮನಿಗೆ ಇದೊಂದೂ ಗೊತ್ತಿಲ್ಲ. ತಾಯಲೂರಿನವರನ್ನು ನೆನೆದು ಅಳುತ್ತಾಳೆ, ವಿಧಿ ಎನ್ನುತ್ತಾಳೆ. ಹಾಗೇ ಇರಲಿ. ಅವಳಿಗೆ ಹೇಳಬಾರದು ಎನ್ನುವ ಒಂದು ವಿಷಯದಲ್ಲಾದರೂ ನಾವಿಬ್ಬರೂ ಮೊದಲಿನಿಂದ ಒಂದೇ ಮಾತಿನವರು.

ಮುಕುಂದ


ಮುಳಬಾಗಿಲು
15 ಜೂನ್ 2025

ವಿಭಾ,

ಶ್ರುತಿ ಬಂದಿದ್ದಳು. ಶ್ರೀನಿವಾಸಪುರದಿಂದ ಒಬ್ಬಳೇ. ಪ್ರತಿ ವರ್ಷ ಅವಳ ತಾಯಿ ತಂದುಕೊಡುವ ಮಾವಿನ ಹಣ್ಣನ್ನು ಈ ಸಲ ಅವಳು ತಂದಳು. ಬುಟ್ಟಿ ಇಳಿಸಿ, ನೀರೂ ಕುಡಿಯದೆ, "ಅಮ್ಮಾ, ನೀವು ಹೋಗಿದ್ದಾಗ ಒಳಗೆ ಏನಾದ್ರೂ ಸದ್ದಾಗಿತ್ತಾ?" ಎಂದು ಕೇಳಿದಳು. ಆಗಿತ್ತು, ಹುರುಳಿ ಹುರಿದಂಗೆ ಎಂದೆ. ಅವಳು ಗೋಡೆಗೆ ಒರಗಿಕೊಂಡು ಕೂತಳು. "ವಿಭಕ್ಕ ಬಂದು ಬ್ಯಾಡಾ ಅಂದಿದ್ರು. ಮುಕುಂದಣ್ಣಂಗೂ ಬರ್ದಿದೀನಿ ಅಂದಿದ್ರು. ನಮ್ಮಪ್ಪ ಕೇಳ್ಲಿಲ್ಲ. ನೀವು ಹೋಗಿ ಬಂದಿದೀರ ಅಂತ ಕೇಳ್ಲಿಲ್ಲ" ಎಂದಳು.

ನೀನು ತಾಯಲೂರಿಗೆ ಹೋಗಿದ್ದೆ ಎಂದು ನನಗೆ ಆಗ ಗೊತ್ತಾಯಿತು.

ಮುಕುಂದ ಸ್ನಾನ ಮಾಡಿ ಬಂದ. "ಯಾವಾಗಿಂದ ಗೊತ್ತಿತ್ತೋ ನಿಂಗೆ?" ಎಂದೆ. ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗಿ, ತನ್ನಲ್ಲಿ ಉಳಿದಿದ್ದ ನಿನ್ನ ಕಾಗದಗಳನ್ನು ತಂದು ನನ್ನ ಮುಂದಿಟ್ಟ. "ಡಿಸೆಂಬರ್‌ನಿಂದ" ಎಂದ. ನಾನು ಸಮುದ್ರಕ್ಕೆ ಹೋದದ್ದು ರಥಸಪ್ತಮಿಗೆ.

ಮಾರನೆಯ ದಿನ ಶ್ರುತಿಯ ಜೊತೆ ಕೋಲಾರದ ಬಸ್ಸು ಹತ್ತಿದೆ. ಅಲ್ಲಿ ಕೇಳಿದವರಿಗೆ ಎಲ್ಲ ಹೇಳಿದೆ. "ಸದ್ದು ನಿಮ್ಮ ಮಗನಿಗೂ ಕೇಳಿಸ್ತಾ?" ಎಂದರು. "ಕೇಳಿಸ್ತು. ಅದಕ್ಕೇ ಜೋರಾಗಿ ಮಂತ್ರ ಹೇಳಿದ" ಎಂದೆ. "ನಡೆಸೋ ಹುಡುಗ ಏನಾದ್ರೂ ತಪ್ಪು ಮಾಡಿದ್ನಾ?" ಎಂದರು. "ಅವನೊಬ್ಬನೇ ಆ ಸದ್ದನ್ನ ತಲೆಯೆತ್ತಿ ನೋಡ್ತಿದ್ದ" ಎಂದೆ. ಬರೆದುಕೊಂಡು ಓದಿ ಹೇಳಿದರು, ಸಹಿ ಹಾಕಿದೆ. ಅಲ್ಲಿಂದ ಕ್ಯಾಲನೂರಿಗೆ ಹೋಗಿ ಅವನ ತಾಯಿಗೂ ಅದನ್ನೇ ಹೇಳಿ ಬಂದೆ. ನಿನ್ನ ಅಣ್ಣ ಅವತ್ತಿನಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಭಾರ್ಗವನನ್ನು ಹಿಡಿದುಕೊಂಡು ಹೋದರು ಎಂದು ಇವತ್ತು ಪೇಪರಿನಲ್ಲಿ ಬಂದಿದೆ. ಅವನು ಮೋಸ ಮಾಡಿದ್ದು ನನಗೆ ಆಶ್ಚರ್ಯವಾಗಿಲ್ಲ. ಕಿವಿನೋವು ಎಂದಾಗಲೇ ನಾನು ತಿಳಿದುಕೊಳ್ಳಬೇಕಿತ್ತು.

ನಿನ್ನದು ಹಾಗಲ್ಲ.

ನೀನು ಚಿಕ್ಕವಳಿದ್ದಾಗ ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾನು ತಟ್ಟಿ ನೋಡಿ, ನಿನ್ನ ಕೈಗೂ ಕೊಟ್ಟು ತಟ್ಟಿಸುತ್ತಿದ್ದೆ. ತಟ್ಟಿ ನೋಡದೆ ಒಂದು ಮಡಕೆ ತಂದವಳಲ್ಲ ನಾನು. ಆ ಸಬ್‌ಮರೀನಿನ ಒಳಗೆ ಕೂತಾಗ ಗೋಡೆ ನನ್ನ ಕೈಗೆಟಕುವಷ್ಟು ಹತ್ತಿರವಿತ್ತು. ತಟ್ಟಲಿಲ್ಲ. ನನ್ನ ಮಗಳು ತಟ್ಟಿ ನೋಡಿರುತ್ತಾಳೆ ಎಂದುಕೊಂಡೆ. ನಾನು ಗಣಪತಿಯನ್ನು ನಂಬಿಯೋ ಭಾರ್ಗವನನ್ನು ನಂಬಿಯೋ ಹತ್ತಲಿಲ್ಲ ವಿಭಾ, ನಿನ್ನನ್ನು ನಂಬಿ ಹತ್ತಿದೆ.

ನೀನು ತಟ್ಟಿ ನೋಡಿದ್ದೆ. ಒಡೆದಿದೆ ಎಂದು ನಿನಗೆ ಗೊತ್ತಿತ್ತು. ಅಣ್ಣನಿಗೆ ಬರೆದೆ. ಸರ್ಕಾರಕ್ಕೂ ಬರೆದೆಯಂತೆ. ತಾಯಲೂರಿನವರೆಗೂ ಹೋದೆ. ಮುಳಬಾಗಿಲಿನ ಬಸ್ ಸ್ಟಾಂಡಿನಲ್ಲಿ ನಿಂತು ಬಸ್ ಬದಲಾಯಿಸಿದೆ. ಅಲ್ಲಿಂದ ಮನೆಗೆ ಎಷ್ಟು ದೂರ? ನನಗೊಂದು ಮಾತು ಹೇಳಲಿಲ್ಲ. ನಾನು ಹೆದರುತ್ತೇನೆ ಎಂದು ಸುಮ್ಮನಿದ್ದೆಯಂತೆ. ಹೆದರಬೇಕಾದ್ದಕ್ಕೆ ಹೆದರಲು ಬಿಡಬೇಕಿತ್ತು ನನ್ನನ್ನು. ಒಂದು ಫೋನು ಸಾಕಿತ್ತು. ನಾನು ಹತ್ತುತ್ತಿರಲಿಲ್ಲ. ನಾನು ಹತ್ತದಿದ್ದರೆ ಅವರೂ ಹತ್ತುತ್ತಿರಲಿಲ್ಲ.

ದೊಡ್ಡವೆಂಕಟಮ್ಮ ನನ್ನ ಕೈ ಹಿಡಿದುಕೊಂಡು ಕೇಳಿದರು. ನನ್ನ ಮಗಳೇ ನೋಡಿರುವುದು, ಹೋಗಿ ಬನ್ನಿ ಎಂದೆ. ಆ ಮಾತನ್ನು ನನ್ನ ಬಾಯಿಂದ ಹೇಳಿಸಿದವರು ನೀವಿಬ್ಬರು.

ಮಾವಿನ ಬುಟ್ಟಿ ಇನ್ನೂ ಹಜಾರದಲ್ಲೇ ಇದೆ. ನಾನು ಮುಟ್ಟಿಲ್ಲ. ನೀನು ಬರುವುದಾದರೆ ಬಾ, ಬಾಗಿಲು ತೆಗೆಯುತ್ತೇನೆ.

ಇಂತಿ
ಕೃಷ್ಣಮ್ಮ